ಹಬ್ಬದ ಜಾಹೀರಾತೂ ಬಾಲ್ಯದ ಹಂಬಲವೂ

ಕಳೆದ ಡಿಸೆಂಬರ್ ತಿಂಗಳ ಒಂದು ಸಂಜೆ, ನಮ್ಮ ಶಾಲೆಗೆ ಅನತಿದೂರದಲ್ಲಿರುವ ಕ್ರೈಸ್ತ ಗೃಹಸ್ಥರೊಬ್ಬರ ಮನೆಗೆ ನಾವು ಹೋಗಬೇಕಾಯಿತು. ಆ ಮನೆಯ ಮಗಳು ನಮ್ಮೊಡನೆ ಇದೇ ಕನ್ನಡ ಶಾಲೆಯಲ್ಲಿ ಮಣೆಗೆ ಮಣೆ ತಾಗಿಸಿ ಕುಳಿತು ಓದಿದವಳು. ಈಗ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ಹತ್ತು ವರುಷದ ಮಗನನ್ನು ಕರೆದುಕೊಂಡು ಹಬ್ಬಕ್ಕೆಂದು ತವರಿಗೆ ಬಂದಿದ್ದಳು. ಜಗಲಿಯಲ್ಲಿ ಕಾಗದದ ನಕ್ಷತ್ರದೀಪ ತೂಗುತ್ತಿತ್ತು. ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಕೊಕ್ಕಿಸಗಳು ತುಂಬಿದ್ದವು. ಇಷ್ಟೆಲ್ಲ ಇದ್ದರೂ ಹುಡುಗನ ಮೋರೆ ಮಾತ್ರ ಬಾಡಿತ್ತು. ಕಾರಣ ಕೇಳಲಾಗಿ ತಾಯಿ ನಗುತ್ತ ಹೇಳಿದಳು: "ಇಲ್ಲಿ ಆ ಕೆಂಪು ಲಾರಿಗಳ ಜಾಹೀರಾತು ಟೀವಿಯಲ್ಲಿ ಬರುವುದಿಲ್ಲವಲ್ಲ ಮಾಷ್ಟ್ರೇ, ಅದಕ್ಕೆ ಇವನಿಗೆ ಹಬ್ಬ ಬಂದ ಹಾಗೆಯೇ ಆಗಲಿಲ್ಲವಂತೆ!"

ಕೋಕಾಕೋಲಾ ಸಂಸ್ಥೆಯವರು 1995ರಲ್ಲಿ ತಯಾರಿಸಿದ ಜಾಹೀರಾತು ಅದು. ಹಿಮ ಮುಚ್ಚಿದ ಕತ್ತಲ ದಾರಿಯಲ್ಲಿ ದೀಪಗಳಿಂದ ಝಗಝಗಿಸುವ ಲಾರಿಗಳ ಸಾಲು ಹಾದುಹೋಗುತ್ತದೆ. ಅವು ಹಾದಲ್ಲೆಲ್ಲ ಮರಗಳೂ ಮನೆಗಳೂ ಬೆಳಗುತ್ತವೆ. ವರುಷ ವರುಷವೂ ಅದನ್ನೇ ತೋರಿಸಿ ತೋರಿಸಿ, ಬ್ರಿಟನ್ನಿನ ಅನೇಕ ಮನೆಗಳಲ್ಲಿ ಆ ಲಾರಿ ಕಂಡ ದಿನವೇ ಹಬ್ಬದ ಮೊದಲ ದಿನವೆಂಬಂತಾಗಿದೆ. ಅಂಥದೊಂದು ಲಾರಿಯನ್ನು ಊರಿಂದೂರಿಗೆ ಕೊಂಡೊಯ್ದು ನಿಲ್ಲಿಸುವುದೂ ಉಂಟು. ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲು ಜನ ಚಳಿಯಲ್ಲಿ ಸಾಲುಗಟ್ಟುತ್ತಾರೆ.

ಇದನ್ನೆಲ್ಲ ಕೇಳಿದ ಅಜ್ಜ, "ಸೋಡದ ಲಾರಿ ಬಾರದಿದ್ದರೆ ಯೇಸುಸ್ವಾಮಿ ಹುಟ್ಟುವುದಿಲ್ಲವೋ?" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಮರಳುವ ದಾರಿಯಲ್ಲಿ ನಮ್ಮ ನಗು ನಿಂತುಹೋಯಿತು. ಏಕೆಂದರೆ ತೋಡಿನ ಸಂಕವನ್ನು ದಾಟುತ್ತಿರುವಾಗ ನಮ್ಮ ತುಟಿಯಲ್ಲಿ ತಾನಾಗಿಯೇ ಗುನುಗು ಹುಟ್ಟಿತ್ತು. ಅದು ಯಾವುದೆಂದು ಗಮನಿಸಿ ನೋಡಿದರೆ, ಮೂವತ್ತು ವರುಷಗಳ ಹಿಂದೆ ನೆರೆಯ ಭಟ್ಟರ ಮನೆಯ ಚಾವಡಿಯಲ್ಲಿ ಕುಳಿತು ದೂರದರ್ಶನದಲ್ಲಿ ಕೇಳಿದ ಜಾಹೀರಾತೊಂದರ ರಾಗ! ಅದರೊಡನೆ ಎದೆಯಲ್ಲೇನೋ ಕಲಕಿದಂತಾಯಿತು. ಆ ಹುಡುಗನನ್ನು ನಕ್ಕ ನಾವು ಆತನಿಗಿಂತ ಬೇರೆಯಲ್ಲವೆಂದು ಆಗ ಹೊಳೆಯಿತು.

ಅಂದಿನಿಂದ ನಮ್ಮನ್ನು ಕಾಡುತ್ತಿರುವ ಪ್ರಶ್ನೆಯನ್ನು ವಾಚಕರ ಮುಂದಿಡುತ್ತಿದ್ದೇವೆ. ಮಾರಾಟಕ್ಕೆಂದೇ ಮಾಡಿದ ವಸ್ತುವೊಂದರ ಮೇಲೆ ನಮಗಿರುವ ಪ್ರೀತಿ ನಿಜವಾದ ಪ್ರೀತಿಯೇ? ನಮ್ಮ ಎಳವೆಯಲ್ಲಿ, ನಮ್ಮ ಒಪ್ಪಿಗೆಯಿಲ್ಲದೆ, ಪರರು ತಮ್ಮ ಲಾಭಕ್ಕಾಗಿ ನಮ್ಮೊಳಗೆ ಇಟ್ಟುಹೋದ ನೆನಪು ನಮ್ಮದೆನಿಸಿಕೊಳ್ಳುವುದೇ?

ಹಳೆಯದರ ಹಂಬಲವು ಹೊಸ ರೋಗವೇನೂ ಅಲ್ಲ. ರೋಗವೆಂದು ಬಳಸಿದ ಮಾತು ಬರಿಯ ಅಲಂಕಾರವಲ್ಲ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬರೆದ ಪ್ರಬಂಧದಲ್ಲಿ, ಮನೆಗೆ ಮರಳುವ ತವಕದಿಂದ ನವೆಯುವವರ ಬೇನೆಗೆ 'ನೊಸ್ಟಾಲ್ಜಿಯ' ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ಮರಳುವಿಕೆ ಎಂಬ ಶಬ್ದಕ್ಕೆ ನೋವು ಎಂಬ ಶಬ್ದವನ್ನು ಬೆಸೆದು ಕಟ್ಟಿದ ಪದವಿದು. (ಬಾಸೆಲ್ ಎಂದೊಡನೆ ನಮ್ಮ ಸೀಮೆಯವರಿಗೆ ಬೇರೆ ನೆನಪೇ ಬರುವುದು ಸಹಜ. 1834ರಲ್ಲಿ ಮಂಗಳೂರಿಗೆ ಬಂದು ಕನ್ನಡಕ್ಕೆ ಅಚ್ಚುಕೂಟವನ್ನೂ ಪತ್ರಿಕೆಯನ್ನೂ ನಿಘಂಟನ್ನೂ ಕೊಟ್ಟ ಮಿಶನಿನವರ ಊರು ಅದೇ. ಅವರಿಗೂ ಈ ಬೇನೆ ಇಲ್ಲಿ ತಗಲಿದ್ದಿರಬೇಕು.) ಆ ಕಾಲದ ರೋಗಿಗೆ ಮದ್ದು ಸುಲಭ: ಊರಿಗೆ ಕಳುಹಿಸಿದರಾಯಿತು. ಬಾಲ್ಯಕ್ಕಾಗಿ ಹಂಬಲಿಸುವವನನ್ನು ಯಾವ ಬಂಡಿ ಹತ್ತಿಸಿ ಎಲ್ಲಿಗೆ ಕಳುಹಿಸುವುದು?

ಅಮೆರಿಕದಲ್ಲಿ ಈ ಹಂಬಲವು ಟೆಲಿವಿಶನ್ನಿನ ಹಬ್ಬದ ಜಾಹೀರಾತುಗಳನ್ನು ಬಿಗಿಯಾಗಿ ಅಪ್ಪಿಕೊಂಡಿರುವುದಕ್ಕೆ ಕಾರಣವಿದೆ. ಅಲ್ಲಿ ಟೆಲಿವಿಶನ್ನಿನಲ್ಲಿ ಆಟಿಕೆಯೊಂದರ ಜಾಹೀರಾತು ಮೊದಲು ಬಂದುದು 1952ರಲ್ಲಿ. ಆಲೂಗಡ್ಡೆಗೆ ಕಣ್ಣುಮೂಗು ಚುಚ್ಚಿ ಮನುಷ್ಯನನ್ನು ಮಾಡುವ ಆಟಿಕೆ ಅದು. ಅಲ್ಲಿಂದ ಮೂರು ತಲೆಮಾರುಗಳ ಮಕ್ಕಳು ನವೆಂಬರ್ ಕೊನೆಯಿಂದ ಡಿಸೆಂಬರ್ 24ರ ತನಕ ಪೆಟ್ಟಿಗೆಯ ಮುಂದೆ ಕುಳಿತು ಹಬ್ಬವನ್ನು ಕಾದರು. 1960ರ ದಶಕದಲ್ಲಿ ಸಾಂತಾ ಕ್ಲಾಸನು ಹಿಮದ ಮೇಲೆ ಗಡ್ಡ ಹೆರೆಯುವ ಯಂತ್ರದ ತಲೆಯನ್ನೇ ಜಾರುಬಂಡಿ ಮಾಡಿಕೊಂಡು ಇಳಿದುಬರುತ್ತಿದ್ದನು. 1989ರಲ್ಲಿ ಹರ್ಶಿ ಎಂಬ ಚಾಕಲೇಟು ಸಂಸ್ಥೆಯವರು, ಕೆಂಪು ಹಸಿರು ಬೆಳ್ಳಿಯ ಹಾಳೆ ಸುತ್ತಿದ ಪುಟ್ಟ ಮಿಠಾಯಿಗಳು ಘಂಟೆಗಳಂತೆ ತೂಗಾಡಿ ಹಬ್ಬದ ಹಾಡನ್ನು ಬಾರಿಸುವ ಒಂದು ಚಿತ್ರ ಮಾಡಿದರು. ಅದು ಇಂದಿಗೂ ಹಬ್ಬಕ್ಕೆ ತಪ್ಪದೆ ಬರುತ್ತಿದೆ. 2020ರಲ್ಲಿ ಸಂಸ್ಥೆಯವರು ಆ ಚಿತ್ರವನ್ನು ಕೊಂಚ ಬದಲಿಸಿ ತೋರಿಸಿದಾಗ ನೋಡುವವರು ಸಿಟ್ಟಾದರು. ನಮ್ಮ ಘಂಟೆಗಳನ್ನು ಕೆಡಿಸಿದಿರಿ ಎಂದು ದೂರಿದರು. ಇದು ವಿಚಾರಯೋಗ್ಯವಾದ ಸಂಗತಿ. ಚಾಕಲೇಟು ಸಂಸ್ಥೆಯದು, ಚಿತ್ರ ಸಂಸ್ಥೆಯದು, ಹಣ ಸಂಸ್ಥೆಯದು; ಆದರೂ ನೋಡುವವನು ಇದು ನನ್ನದು, ನೀವು ಮುಟ್ಟಕೂಡದು ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲು ನಮಗೆ ಧೈರ್ಯವಾಗದು.

ಇನ್ನು ಮೊದಲು ಪ್ರತಿಪಕ್ಷದ ಮಾತನ್ನು ಕೇಳೋಣ. ಅದು ಬಲವಾದ ಪಕ್ಷವೇ. ಗ್ರೀಸಿನ ಪ್ಲೇಟೋ ಮಹಾಶಯನು ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ, ಎಳೆಯ ಮಕ್ಕಳಿಗೆ ಹೇಳುವ ಕಥೆಗಳನ್ನು ಆರಿಸಿ ಹೇಳಬೇಕೆಂದು ವಾದಿಸುತ್ತಾನೆ. ಒಳಗಿನ ಅರ್ಥ ಯಾವುದು, ಮೇಲಣ ಕಥೆ ಯಾವುದು ಎಂದು ಬೇರ್ಪಡಿಸಲು ಮಗುವಿಗೆ ಬಾರದು, ಆ ವಯಸ್ಸಿನಲ್ಲಿ ಒಳಹೊಕ್ಕದ್ದು ಅಳಿಸಿದರೂ ಅಳಿಯದು ಎಂಬುದು ಅವನ ಕಾರಣ. ಶಿಕ್ಷಕರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದೇನು? ಲಯಕ್ಕೆ ಕೂಡಿಸು, ಚಿತ್ರ ತೋರಿಸು, ಬೇಸರವಾಗದಂತೆ ಮತ್ತೆ ಮತ್ತೆ ಹೇಳು, ಮಗು ಸಂತೋಷದಲ್ಲಿರುವಾಗ ಹೇಳು, ಎಂದು. ಹಾಡಿ ಕಲಿಸಿದ ಮಗ್ಗಿ ಮರೆಯದು. ಜಾಹೀರಾತು ಮಾಡುವವನು ನಮ್ಮ ಇದೇ ಉಪಾಧ್ಯಾಯ ವೃತ್ತಿಯನ್ನು ನಮಗಿಂತ ಚೆನ್ನಾಗಿ, ನಮಗಿಂತ ಹೆಚ್ಚು ಸಂಬಳಕ್ಕೆ ಮಾಡುತ್ತಾನೆ. ಕಲಿಸುವ ಪಾಠ ಮಾತ್ರ ಒಂದೇ.

ಇದನ್ನು ಕಂಡೇ ಕೆಲವು ದೇಶಗಳು ಬೇಲಿ ಕಟ್ಟಿದವು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 13 ವರುಷದೊಳಗಿನ ಮಕ್ಕಳನ್ನು ಕುರಿತ ಜಾಹೀರಾತುಗಳಿಗೆ 1980ರಿಂದ ನಿಷೇಧ ಬಂದಿತು. ಆಟಿಕೆಯವರು ನ್ಯಾಯಾಲಯಕ್ಕೆ ಹೋದರೂ 1989ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಕಾನೂನನ್ನೇ ಎತ್ತಿಹಿಡಿಯಿತು. ಸ್ವೀಡನ್ 1991ರಲ್ಲಿ, 12 ವರುಷದೊಳಗಿನವರನ್ನು ಕುರಿತ ಟೆಲಿವಿಶನ್ ಜಾಹೀರಾತನ್ನು ತಡೆಯಿತು. ಅಮೆರಿಕದಲ್ಲಿ 1978ರಲ್ಲಿ ಸರಕಾರದ ವ್ಯಾಪಾರ ಆಯೋಗದವರು ಇಂತಹುದೇ ಆಲೋಚನೆ ಮಾಡಿದರು. ವ್ಯಾಪಾರಿಗಳ ಕೂಗಿಗೆ ಶಾಸನಸಭೆಯೇ ಮಣಿದು ಆಯೋಗದ ಕೈ ಕಟ್ಟಿತು. 1981ರಲ್ಲಿ ಆ ಪ್ರಯತ್ನ ಮುಗಿಯಿತು. ಆದುದರಿಂದಲೇ ಇಂದು ಅಮೆರಿಕದ ನಡುವಯಸ್ಸಿನವರಿಗೆ ಕಣ್ಣೀರು ಹಾಕಲು ಅಷ್ಟೊಂದು ಜಾಹೀರಾತುಗಳಿವೆ, ಸ್ವೀಡನ್ನಿನವರಿಗೆ ಅಷ್ಟಿಲ್ಲ ಎಂದು ಹಾಸ್ಯ ಮಾಡಬಹುದೇನೋ. ಬಾಲ್ಯದ ಹಂಬಲಕ್ಕೆ ಜಾಹೀರಾತೇ ಬೇಕೆಂಬ ನಿಯಮವೇನೂ ಇಲ್ಲವೆಂಬುದು ಈ ಹಾಸ್ಯದ ಒಳಗಿನ ನಿಜ.

ಇಷ್ಟಕ್ಕೇ ತೀರ್ಪು ಬರೆದುಬಿಡಬಹುದಾಗಿತ್ತು. ಆದರೆ ಒಂದು ಕಥೆ ನಮ್ಮ ಕೈಯನ್ನು ಹಿಡಿದು ನಿಲ್ಲಿಸುತ್ತದೆ. 1939ರಲ್ಲಿ ಶಿಕಾಗೋ ನಗರದ ಮಾಂಟ್‌ಗೊಮರಿ ವಾರ್ಡ್ ಎಂಬ ದೊಡ್ಡ ಅಂಗಡಿಯವರು, ಹಬ್ಬಕ್ಕೆ ಬರುವ ಗಿರಾಕಿಗಳ ಮಕ್ಕಳಿಗೆ ಪುಕ್ಕಟೆ ಹಂಚಲು ಒಂದು ಪುಟ್ಟ ಪುಸ್ತಕ ಬರೆಯುವಂತೆ ತಮ್ಮಲ್ಲಿ ಜಾಹೀರಾತು ಬರೆಯುತ್ತಿದ್ದ ರಾಬರ್ಟ್ ಮೇ ಎಂಬಾತನಿಗೆ ಹೇಳಿದರು. ಆತನ ಹೆಂಡತಿ ಆಗ ಹಾಸಿಗೆ ಹಿಡಿದಿದ್ದಳು. ಪುಸ್ತಕ ಮುಗಿಯುವ ಮುನ್ನವೇ ತೀರಿಕೊಂಡಳು. ನಾಲ್ಕು ವರುಷದ ಮಗಳಿಗೆ ಓದಿ ಹೇಳುತ್ತ ಹೇಳುತ್ತ ಆತನು ಬರೆದು ಮುಗಿಸಿದ ಕಥೆಯೇ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫನದು. ಎಲ್ಲರೂ ಹಾಸ್ಯ ಮಾಡುತ್ತಿದ್ದ ಆ ಹೊಳೆಯುವ ಮೂಗೇ ಮಂಜಿನ ರಾತ್ರಿಯಲ್ಲಿ ಸಾಂತಾನ ಬಂಡಿಗೆ ದಾರಿ ತೋರಿತು. ಮೊದಲ ವರುಷವೇ ಸುಮಾರು 24 ಲಕ್ಷ ಪ್ರತಿಗಳು ಹಂಚಿಹೋದವು. 1947ರಲ್ಲಿ ಅಂಗಡಿಯವರು ಕಥೆಯ ಹಕ್ಕನ್ನು ಅದನ್ನು ಬರೆದವನಿಗೇ ಬಿಟ್ಟುಕೊಟ್ಟರು. ವ್ಯಾಪಾರಿಗಳಲ್ಲಿ ಇಂತಹ ನಡತೆ ಅಪರೂಪವಾದುದರಿಂದ ಇಲ್ಲಿ ದಾಖಲಿಸುತ್ತಿದ್ದೇವೆ. 1949ರಲ್ಲಿ ಅದು ಹಾಡಾಯಿತು. 1964ರಲ್ಲಿ ಟೆಲಿವಿಶನ್ನಿನ ಬೊಂಬೆಚಿತ್ರವಾಯಿತು. ಆ ಚಿತ್ರಕ್ಕೆ ಹಣ ಕೊಟ್ಟವರು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವರು. ನಡುನಡುವೆ ಕಥೆಯೊಳಗಿನ ಕುಳ್ಳ ಬೊಂಬೆಗಳೇ ಬಂದು ಅವರ ಮನೆಬಳಕೆಯ ಯಂತ್ರಗಳನ್ನು ಹೊಗಳುತ್ತಿದ್ದವು. ಇಂದು ಮಾಂಟ್‌ಗೊಮರಿ ವಾರ್ಡಿನ ಆ ಅಂಗಡಿಗಳಿಲ್ಲ. ರುಡಾಲ್ಫ ಇದ್ದಾನೆ. ತಾಯಿಯನ್ನು ಕಳೆದುಕೊಂಡ ಮಗುವಿಗೆ ಒಬ್ಬ ತಂದೆ ಹೇಳಿದ ಕಥೆಯನ್ನು, ಅದು ಅಂಗಡಿಯ ಲೆಕ್ಕದಲ್ಲಿ ಅಚ್ಚಾಯಿತೆಂಬ ಮಾತ್ರಕ್ಕೆ, ಸುಳ್ಳೆನ್ನುವುದು ಹೇಗೆ?

ಇದಕ್ಕಿಂತಲೂ ಸೋಜಿಗದ ಮಾತೊಂದಿದೆ. 1965ರಲ್ಲಿ ಚಾರ್ಲಿ ಬ್ರೌನ್ ಎಂಬ ಹುಡುಗನ ಕ್ರಿಸ್ಮಸ್ ಚಿತ್ರ ಬಂದಿತು. ಹಬ್ಬವೆಲ್ಲ ವ್ಯಾಪಾರವಾಯಿತಲ್ಲ ಎಂಬ ಆ ಹುಡುಗನ ಕೊರಗೇ ಅದರ ವಸ್ತು. ಅದನ್ನು ಮಾಡಿಸಿದವರು ಯಾರು? ಕೋಕಾಕೋಲಾದವರು! ಮೊದಲ ಪ್ರದರ್ಶನದಲ್ಲಿ ಅವರ ಹೆಸರೂ ಚಿತ್ರದ ಆದಿಯಂತ್ಯಗಳಲ್ಲಿ ಸೇರಿತ್ತು. ಮುಂದೆ ಅದನ್ನು ಕತ್ತರಿಸಿ ತೆಗೆದರು. ವ್ಯಾಪಾರವನ್ನು ಹಳಿಯುವ ಮಾತನ್ನೂ ವ್ಯಾಪಾರವೇ ಕೊಂಡು ಹಂಚಿತು.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರೊಡನೆ ಈ ವಿಷಯ ಮಾತಾಡುತ್ತಿದ್ದಾಗ ಅವರು, "ಪಂಪನು ಅರಿಕೇಸರಿಯನ್ನು ಅರ್ಜುನನಿಗೆ ಸಮನೆಂದು ಹಾಡಿದ್ದು ಮತ್ತೇನು? ಅದೂ ಜಾಹೀರಾತೇ ಅಲ್ಲವೆ?" ಎಂದು ಸವಾಲೆಸೆದರು. ಮೊದಲು ನಮಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆದುದು ಇಷ್ಟು: ಅರಿಕೇಸರಿಯು ಈಗ ನಮ್ಮಿಂದ ಕಂದಾಯ ಕೇಳುವುದಿಲ್ಲ. ಅವನ ಮೇಲಣ ಹೊಗಳಿಕೆ ಬರಿಯ ಹೊಗಳಿಕೆಯಾಗಿ ಒಣಗಿಹೋಗಿದೆ. ಕಾವ್ಯ ಹಸಿಯಾಗಿ ಉಳಿದಿದೆ. ಕೆಂಪು ಲಾರಿಯ ಸಂಗತಿ ಹಾಗಲ್ಲ. ಅದರ ಒಡೆಯನು ಬದುಕಿದ್ದಾನೆ, ಮಾರುತ್ತಿದ್ದಾನೆ. ಅಷ್ಟೇ ಅಲ್ಲ, ಅಂದು ಪಾನೀಯವನ್ನು ಮಾರಲು ಬಾಲ್ಯವನ್ನು ಬಳಸಿದವನು ಇಂದು ಆ ಬಾಲ್ಯದ ನೆನಪನ್ನೇ ಮತ್ತೆ ಬಂಡವಾಳ ಮಾಡುತ್ತಾನೆ. 2024ರಲ್ಲಿ ಅದೇ ಲಾರಿಗಳ ಜಾಹೀರಾತನ್ನು ಕೃತಕ ಬುದ್ಧಿಯ ಯಂತ್ರಗಳಿಂದ ಹೊಸದಾಗಿ ಮಾಡಿಸಿ ತೋರಿಸಿದರು. ಬಹು ಮಂದಿ ಹಳಿದರು, ಜೀವವಿಲ್ಲವೆಂದರು. ಲಾರಿಗಳು ಮೊದಲು ಬಂದಾಗಲೂ ಉದ್ದೇಶ ಇದೇ ಆಗಿತ್ತಲ್ಲ, ಈಗೇಕೆ ಕೋಪ? ನಮಗೆ ತೋರುವಂತೆ, ಆಗ ಚಿತ್ರವನ್ನು ಮಾಡಿದವರು ತಾವೂ ಎಂದೋ ಹಬ್ಬಕ್ಕಾಗಿ ಕಾದ ಮನುಷ್ಯರಾಗಿದ್ದರು. ಕೂಲಿಗೆ ಮಾಡಿದರೂ ಅವರ ಕೈಯಿಂದ ಸ್ವಲ್ಪ ಕಾಯುವಿಕೆ ಅದರೊಳಗೆ ಇಳಿದಿತ್ತು. ಯಂತ್ರವು ಎಂದೂ ಕಾದುದಿಲ್ಲ.

ಕಾಯುವಿಕೆ ಎಂಬ ಮಾತು ಬಂದಿತು. ನಮ್ಮ ಎಣಿಕೆಯಲ್ಲಿ ಈ ಹಂಬಲದ ತಿರುಳು ಅಲ್ಲಿದೆ. ಜಾಹೀರಾತಿನಲ್ಲಿ ಕಂಡ ವಸ್ತು ಸಿಕ್ಕಿತೋ ಇಲ್ಲವೋ ಎಂಬುದು ದೊಡ್ಡವರಾದವರಿಗೆ ನೆನಪಿರುವುದಿಲ್ಲ. ಅದು ಬರುವಾಗ ತಾವು ಯಾರ ಬದಿಯಲ್ಲಿ ಕುಳಿತಿದ್ದೆವು, ಒಳಗೆ ಅಡಿಗೆಮನೆಯಿಂದ ಏನು ಪರಿಮಳ ಬರುತ್ತಿತ್ತು, ಹಬ್ಬಕ್ಕೆ ಇನ್ನೆಷ್ಟು ದಿನವಿತ್ತು ಎಂಬುದು ನೆನಪಿರುತ್ತದೆ. ಬ್ರಿಟನ್ನಿನ ಜಾನ್ ಲೂಯಿಸ್ ಎಂಬ ಅಂಗಡಿಯವರು 2011ರಲ್ಲಿ ಇದನ್ನೇ ಹಿಡಿದು ಒಂದು ಚಿತ್ರ ಮಾಡಿದರು: ಚಿಕ್ಕ ಹುಡುಗನೊಬ್ಬ ಹಬ್ಬಕ್ಕಾಗಿ ಚಡಪಡಿಸುತ್ತಾನೆ, ಹೊತ್ತು ಹೋಗದು, ಗಡಿಯಾರ ಓಡದು. ಹಬ್ಬದ ಬೆಳಗ್ಗೆ ಎದ್ದವನು ತನಗೆ ಬಂದ ಕಾಣಿಕೆಗಳ ರಾಶಿಯನ್ನು ದಾಟಿ ಓಡಿ, ತಾನೇ ಸುತ್ತಿಟ್ಟಿದ್ದ ಪೊಟ್ಟಣವನ್ನು ತಂದೆತಾಯಿಯರಿಗೆ ಕೊಡುತ್ತಾನೆ. ನಾವು ಇದನ್ನು ಫೋನಿನಲ್ಲಿ ನೋಡಿದೆವು, ಕಣ್ಣು ಒದ್ದೆಯಾಯಿತು, ಕೂಡಲೇ ಸಿಟ್ಟೂ ಬಂದಿತು. ಕೊಡುವುದರ ಸುಖವನ್ನೂ ಇವರು ಅಂಗಡಿಯ ಕಪಾಟಿನಲ್ಲಿ ಇಟ್ಟರಲ್ಲ!

ನಮ್ಮ ಸಿಟ್ಟಿಗೆ ಕಾರಣ ಬೇರೆಯೂ ಇದೆ. ಅದನ್ನು ಹೇಳದೆ ಈ ಲೇಖನ ಬರೆಯುವುದು ಪ್ರಾಮಾಣಿಕವಾಗದು.

ಸಂಕದ ಮೇಲೆ ನಮ್ಮ ತುಟಿಗೆ ಬಂದ ಆ ರಾಗ, ಮಕ್ಕಳನ್ನು ಎತ್ತರಕ್ಕೆ ಬೆಳೆಸುವುದೆಂದು ಸಾರುತ್ತಿದ್ದ, ಹಾಲಿಗೆ ಹಾಕಿ ಕುಡಿಯುವ ಒಂದು ಹುಡಿಯದು. ಅದರ ಹೆಸರು ಇಲ್ಲಿ ಬೇಡ. ನಮ್ಮ ತಾಯಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಎಲೆ, ಹೊಗೆಸೊಪ್ಪು, ನೂಲುಗಳ ನಡುವೆ ಬೆಳಗಿನಿಂದ ರಾತ್ರಿಯ ತನಕ ಬಗ್ಗಿದ ತಲೆ ಎತ್ತುತ್ತಿರಲಿಲ್ಲ. ಆ ಹುಡಿ ಬೇಕೆಂದು ನಾವು ಮೂರು ದಿನ ಹಟ ಹಿಡಿದೆವು. ಜಾಹೀರಾತಿನ ತಾಯಿ ನಗುತ್ತ ಲೋಟ ಕೊಡುತ್ತಾಳೆ, ನೀನೇಕೆ ಕೊಡುವುದಿಲ್ಲ ಎಂದು ಕೇಳಿದೆವು. ಈ ಮಾತನ್ನು ನಾವು ಆಡಿದ್ದು ನಿಜ. ನಾಲ್ಕನೆಯ ದಿನ ಆ ಹುಡಿಯ ಗಾಜಿನ ಭರಣಿ ಅಡಿಗೆಮನೆಯ ಹಲಗೆಯ ಮೇಲೆ ಇತ್ತು. ಎರಡು ತಿಂಗಳು ಅದನ್ನು ಕುಡಿದೆವು. ಬಾಗಿಲ ದಾರಂದದಲ್ಲಿ ಗೆರೆ ಎಳೆದು ಎತ್ತರ ಅಳೆದೆವು. ಭಟ್ಟರ ಮನೆಯ ದೊಡ್ಡಮ್ಮ ಒಂದು ದಿನ ಏನೂ ಅರಿಯದೆ, "ನಿನ್ನಮ್ಮ ನಮ್ಮಲ್ಲಿಂದ ಖಾಲಿ ಭರಣಿ ಕೊಂಡುಹೋದವಳು ಉಪ್ಪಿನಕಾಯಿ ಹಾಕಿದಳೋ?" ಎಂದು ಕೇಳಿದಾಗ ತಿಳಿಯಿತು, ಅಮ್ಮ ಅದರಲ್ಲಿ ರಾಗಿಯನ್ನು ಮೊಳಕೆ ಬರಿಸಿ, ಹುರಿದು, ಬೀಸಿ, ಬೆಲ್ಲದ ಹುಡಿ ಬೆರಸಿ ತುಂಬಿದ್ದರು. ನಾವು ಮನೆಗೆ ಬಂದು ಅಂದು ಲೋಟವನ್ನು ಮುಟ್ಟಲಿಲ್ಲ. ಅಮ್ಮ ಏನೂ ಹೇಳಲಿಲ್ಲ. ಬೀಡಿಗೆ ನೂಲು ಸುತ್ತುತ್ತಿದ್ದರು.

ಈಗ ಹೇಳಿರಿ, ಆ ರಾಗ ಕೇಳಿದಾಗ ನಮ್ಮೆದೆ ಕಲಕುವುದು ಯಾವುದಕ್ಕೆ? ಆ ಹುಡಿಯ ರುಚಿಯನ್ನು ನಾವು ಅಂದು ಕಂಡೇ ಇರಲಿಲ್ಲ. ಶಾಕುಂತಲ ನಾಟಕದ ಐದನೆಯ ಅಂಕದಲ್ಲಿ ಒಳಮನೆಯಿಂದ ಬಂದ ಹಾಡು ಕಿವಿಗೆ ಬಿದ್ದು ದುಷ್ಯಂತನ ಮನಸ್ಸು ಕಾರಣ ತಿಳಿಯದೆ ತಳಮಳಿಸುತ್ತದೆ. ಮರೆತ ಪ್ರೀತಿಯೊಂದು ಆಳದಲ್ಲಿ ಉಳಿದಿರುತ್ತದೆಂದು ಕಾಳಿದಾಸನು ಸೂಚಿಸುತ್ತಾನೆ. ಆ ಹಾಡು ಶಕುಂತಲೆಯದಲ್ಲ, ಅವಳನ್ನು ಕುರಿತದ್ದೂ ಅಲ್ಲ. ಆದರೂ ಅದು ಎಲ್ಲಿ ತಟ್ಟಬೇಕೋ ಅಲ್ಲಿ ತಟ್ಟಿತು. ನಮ್ಮ ಜಾಹೀರಾತಿನ ರಾಗವೂ ಅಂತಹ ಪರರ ಹಾಡು. ನಮ್ಮ ತಾಯಿಯನ್ನು ನಮ್ಮ ಕಣ್ಣಿನಲ್ಲಿ ಕೀಳು ಮಾಡಿದ ಹಾಡೇ ಇಂದು ಆಕೆಯ ಬಗ್ಗಿದ ತಲೆಯನ್ನು ನಮ್ಮ ಕಣ್ಣಿನ ಮುಂದೆ ತಂದು ನಿಲ್ಲಿಸುತ್ತದೆ. ಹೀಗಿರಲು ಅದನ್ನು ಪ್ರೀತಿಸುವುದು ಕೃತಘ್ನತೆಯಾಗುವುದೇ? ದ್ವೇಷಿಸಿದರೆ ಅದರೊಡನೆ ಬರುವ ನೆನಪನ್ನೂ ಬಾಗಿಲಲ್ಲೇ ತಡೆದಂತಾಗುವುದೇ? ಹಾಡಿಗೂ ನೆನಪಿಗೂ ಬೇರೆ ಬೇರೆ ಲೆಕ್ಕ ಇಡಬೇಕೆಂದು ಬುದ್ಧಿ ಹೇಳುತ್ತದೆ. ಅವೆರಡೂ ಒಂದೇ ಉಸಿರಿನಲ್ಲಿ ಬರುತ್ತವಾದ್ದರಿಂದ ಮನಸ್ಸು ಅದನ್ನು ಪಾಲಿಸುವುದಿಲ್ಲ. ಮಾರಿದವನಿಗೆ ನಾವು ಏನನ್ನೂ ಸಲ್ಲಿಸಬೇಕಾಗಿಲ್ಲ ಎಂಬುದರಲ್ಲಿ ಮಾತ್ರ ನಮಗೆ ಸಂದೇಹವಿಲ್ಲ. ಅವನು ಬಿತ್ತಿದ್ದು ಆಸೆ. ರಾಗಿಯನ್ನು ಬೀಸಿದವರು ಬೇರೆಯವರು.

ಇನ್ನೊಂದು ಕೊರಗೂ ಉಂಟು, ಇದು ಗಡಿನಾಡಿನ ನಮಗೇ ಮೀಸಲು. ದೂರದರ್ಶನದಲ್ಲಿ ಜಾಹೀರಾತು ಆರಂಭವಾದುದು 1976ರಲ್ಲಿ. 1990ರ ದಶಕದಲ್ಲಿ ನಾವು ಭಟ್ಟರ ಚಾವಡಿಯಲ್ಲಿ ಕೇಳಿದವುಗಳೆಲ್ಲ ಹಿಂದಿಯವು, ಇಲ್ಲವೆ ಮಲಯಾಳದವು. ಅರ್ಥವಾಗದೆಯೇ ಬಾಯಿಪಾಠವಾದವು. ನಮ್ಮ ಬಾಲ್ಯದ ಒಂದು ಕೋಣೆಯಲ್ಲಿ ಹೀಗೆ ಕನ್ನಡಕ್ಕೆ ಮಣೆಯೇ ಇಲ್ಲ. ಮೊನ್ನೆ ನಾಲ್ಕನೆಯ ತರಗತಿಯ ಮಕ್ಕಳಿಗೆ, ನಿಮಗೆ ಬಲು ಇಷ್ಟವಾದ ಹಾಡು ಹಾಡಿರಿ ಎಂದೆವು. ಏಳು ಮಂದಿಯಲ್ಲಿ ಐವರು ಫೋನಿನಲ್ಲಿ ಬರುವ ಜಾಹೀರಾತುಗಳನ್ನು ಹಾಡಿದರು. ಗದರಿಸಲು ಹೊರಟ ನಾವು ಬಾಯಿ ಮುಚ್ಚಿಕೊಂಡೆವು. ಇವರೂ ಒಂದು ದಿನ ಯಾವುದೋ ಸಂಕವನ್ನು ದಾಟುತ್ತ ಅದನ್ನೇ ಗುನುಗುವರು. ಅದರ ಹಿಂದೆ ಯಾರ ಮುಖ ಬರುವುದೋ ಬಲ್ಲವರಾರು? ಹಾಗೆಂದು ಸುಮ್ಮನಿರಲೂ ಆಗಲಿಲ್ಲ. ಅಂದಿನಿಂದ ದಿನವೂ ಶಾಲೆ ಬಿಡುವ ಮುನ್ನ ಒಂದು ಕನ್ನಡ ಹಾಡನ್ನು ಎಲ್ಲರೂ ಕೂಡಿ ಹಾಡುತ್ತಿದ್ದೇವೆ, ಬೇಸರವಾಗದಷ್ಟು ಸಲ.

ಹಬ್ಬ ಕಳೆದ ಮೇಲೆ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆವು, ಆ ಜಾಹೀರಾತು ನೆನಪಿದೆಯೇ ಎಂದು. "ಎಂತ ಜಾಹೀರಾತು ಮಗಾ? ನನಗೆಲ್ಲಿ ಟೀವಿ ನೋಡಲು ಪುರುಸೊತ್ತಿತ್ತು?" ಎಂದರು. ರಾಗವನ್ನು ಗುನುಗಿ ತೋರಿಸಿದೆವು. ಅವರಿಗೆ ಅದು ತಿಳಿಯಲಿಲ್ಲ. ಭರಣಿಯ ಮಾತೆತ್ತಿದಾಗ ಮಾತ್ರ ಕೈಕೆಲಸ ಒಂದು ಗಳಿಗೆ ನಿಂತಿತು. "ನಿಜವಾದ್ದನ್ನೇ ತರಬೇಕೆಂದು ಪೇಟೆಯ ಅಂಗಡಿಗೆ ಹೋಗಿದ್ದೆ. ಎರಡು ಸಾವಿರ ಬೀಡಿಯ ಮಜೂರಿ ಹೇಳಿದರು," ಎಂದರು. ಆಮೇಲೆ ಎದ್ದು, ನಮಗೆ ಚಹಾ ಇಡಲು ಒಳಗೆ ಹೋದರು.